ಗೇಮ್‌ನೊಳಗಿನ ಊರುಗಳಿಗೆ ಹೆಸರು ಹುಟ್ಟುವ ಬಗೆ

ಗ್ರ್ಯಾಂಡ್ ಥೆಫ್ಟ್ ಆಟೊ ಎಂಬ ವಿಡಿಯೊ ಗೇಮ್ ಸರಣಿಯ, ಆರು ಎಂಬ ಸಂಖ್ಯೆ ಹೊತ್ತ ಆಟದ ಮೊದಲ ಟ್ರೇಲರ್ 2023ರ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಂದ ಈಚೆಗೆ ವೈಸ್ ಸಿಟಿ ಎಂಬ ನಗರ, ಲಿಯೊನಿಡಾ ಎಂಬ ರಾಜ್ಯದ ಹೆಸರುಗಳು ಗೇಮ್ ಆಡದವರ ಕಿವಿಗೂ ಬೀಳುತ್ತಿವೆ. ಭೂಪಟ ಬಿಡಿಸಿ ಹುಡುಕಿದರೆ ಇವು ಸಿಗುವುದಿಲ್ಲ. ಆದರೂ ಟ್ರೇಲರ್ ನೋಡಿದ ಬಹಳಷ್ಟು ಮಂದಿ ಇದು ಅಮೆರಿಕದ ಫ್ಲೋರಿಡಾ ಎಂದು ಕೂಡಲೇ ಗುರುತು ಹಿಡಿದರು.

ಸಮುದ್ರತೀರ, ತಾಳೆಮರಗಳಷ್ಟೇ ಇದಕ್ಕೆ ಕಾರಣವಲ್ಲ. ಹೆಸರೂ ಕೆಲಸ ಮಾಡಿದೆ. 1513ರಲ್ಲಿ ಫ್ಲೋರಿಡಾಕ್ಕೆ ಆ ಹೆಸರಿಟ್ಟವನು ಹುವಾನ್ ಪೊನ್ಸೆ ಡಿ ಲಿಯೊನ್ ಎಂಬ ಸ್ಪೇನಿನ ನಾವಿಕ. ಲಿಯೊನಿಡಾ ಎಂದಾಗ ತಲೆಯಲ್ಲಿ ಅವನ 'ಲಿಯೊನ್' ಕೇಳಿಸುತ್ತದೆ, ಬಾಲದಲ್ಲಿ ಫ್ಲೋರಿಡಾದ 'ಇಡಾ'. ಅದೇ ಆಟದ ಜೌಗು ಪ್ರದೇಶಕ್ಕೆ ಗ್ರಾಸ್‌ರಿವರ್ಸ್ ಎಂದು ಹೆಸರು. ಫ್ಲೋರಿಡಾದ ನಿಜವಾದ ಜೌಗು ಎವರ್‌ಗ್ಲೇಡ್ಸ್‌ಗೆ 'ಹುಲ್ಲಿನ ನದಿ' ಎಂಬ ಅಡ್ಡಹೆಸರಿದೆ.

ಹೀಗೆ ಊರಿನ ಹೆಸರೊಳಗೆ ಸುಳಿವು ಬಚ್ಚಿಡುವುದು ಗೇಮ್ ಮಾಡುವವರ ಹಳೆಯ ಚಾಳಿ.

ಒಂದೇ ಬುಟ್ಟಿಯ ಹೆಸರುಗಳು

ನಿಜವಾದ ಊರುಗಳ ಹೆಸರು ಯಾರೋ ಒಬ್ಬರು ಕೂತು ಇಟ್ಟಿದ್ದಲ್ಲ. ಒಂದು ಹೆಸರು ಕೆರೆಯಿಂದ ಬಂತು, ಇನ್ನೊಂದು ಆಳಿದವನಿಂದ, ಮತ್ತೊಂದು ಬಾಯಿಂದ ಬಾಯಿಗೆ ಸವೆದು ಅರ್ಥವನ್ನೇ ಕಳೆದುಕೊಂಡಿತು. ಶತಮಾನಗಟ್ಟಲೆ ಕೂಡಿಕೊಂಡ ಪದರ ಅದು. ಗೇಮ್ ಮಾಡುವ ತಂಡಕ್ಕೆ ಅಷ್ಟು ವ್ಯವಧಾನ ಎಲ್ಲಿಂದ? ಕೆಲವೇ ವರ್ಷಗಳಲ್ಲಿ ಒಂದು ನಾಡು ಎದ್ದು ನಿಲ್ಲಬೇಕು, ಅದರ ಹತ್ತಿಪ್ಪತ್ತು ಊರುಗಳು ಒಂದೇ ನಾಡಿನವು ಎನಿಸಬೇಕು.

ಅದಕ್ಕೆ ಸುಲಭದ ಹಾದಿ, ಎಲ್ಲ ಹೆಸರುಗಳನ್ನೂ ಒಂದೇ ಬುಟ್ಟಿಯಿಂದ ಎತ್ತುವುದು. ಬುಟ್ಟಿಯಲ್ಲಿ ಬಣ್ಣಗಳಿರಬಹುದು, ಹೂಗಳಿರಬಹುದು, ಮೋಡಗಳಿರಬಹುದು. ಇದನ್ನೇ ಥೀಮ್ ಎನ್ನುತ್ತಾರೆ. ಮನೆಯ ಮಕ್ಕಳಿಗೆಲ್ಲ ಒಂದೇ ಅಕ್ಷರದಿಂದ ಶುರುವಾಗುವ ಹೆಸರಿಟ್ಟರೆ ಹೊರಗಿನವರೂ ಇವರು ಒಡಹುಟ್ಟಿದವರು ಎಂದು ಊಹಿಸುತ್ತಾರಲ್ಲ, ಅದೇ ತಂತ್ರ.

ಇದರ ಅತ್ಯಂತ ಸರಳ ರೂಪ 1994ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಿಡುಗಡೆಯಾದ ಅರ್ಥ್‌ಬೌಂಡ್ ಎಂಬ ಆಟದಲ್ಲಿದೆ. ಅದರ ಮೊದಲ ನಾಲ್ಕು ಊರುಗಳು ಒನೆಟ್, ಟೂಸನ್, ತ್ರೀಡ್, ಫೋರ್‌ಸೈಡ್. ಒನ್, ಟೂ, ತ್ರೀ, ಫೋರ್! ಯಾವ ಊರು ಮೊದಲು, ಯಾವುದು ಆಮೇಲೆ ಎಂದು ಮ್ಯಾಪ್ ನೋಡುವ ಅಗತ್ಯವೇ ಇಲ್ಲ. ತಮಾಷೆಯೆಂದರೆ ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ಎಂಬ ನಗರ ನಿಜವಾಗಿಯೂ ಇದೆ, ಹಾಗಾಗಿ ಎರಡನೇ ಹೆಸರು ಲೆಕ್ಕವೂ ಹೌದು, ಊರೂ ಹೌದು.

ಬಣ್ಣವಿಲ್ಲದ ಪರದೆ, ಬಣ್ಣದ ಊರುಗಳು

ಥೀಮ್ ಹೆಸರುಗಳ ಮಾತು ಬಂದರೆ, ಊರೂರು ಅಲೆದು ವಿಚಿತ್ರ ಜೀವಿಗಳನ್ನು ಹಿಡಿದು ಪಂದ್ಯಕ್ಕಿಳಿಸುವ ಪೋಕೆಮಾನ್ ಬಿಟ್ಟು ಮುಂದೆ ಹೋಗಲಾಗದು. ಸರಣಿಯ ಮೊದಲ ಆಟಗಳು ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ಬಂದವು. ಕಥೆ ನಡೆಯುವ ನಾಡು ಕಾಂಟೊ. ಜಪಾನಿನಲ್ಲಿ ಟೋಕಿಯೊ ಸುತ್ತಲಿನ ಸೀಮೆಗೆ ನಿಜವಾಗಿಯೂ ಅದೇ ಹೆಸರಿದೆ. ಆಟದ ಕಾಂಟೊದಲ್ಲಿ 10 ಊರುಗಳು, ಹತ್ತಕ್ಕೆ ಹತ್ತೂ ಬಣ್ಣಕ್ಕೆ ಸಂಬಂಧಿಸಿದ ಹೆಸರುಗಳು. ಇಂಗ್ಲಿಷ್‌ನಲ್ಲಿ ಪ್ಯಾಲೆಟ್, ವಿರಿಡಿಯನ್, ಪ್ಯೂಟರ್, ಸೆರೂಲಿಯನ್, ವರ್ಮಿಲಿಯನ್, ಲ್ಯಾವೆಂಡರ್, ಸೆಲಡಾನ್, ಫ್ಯೂಷಿಯಾ, ಸ್ಯಾಫ್ರನ್, ಸಿನಬಾರ್.

ಆದರೆ ಈ ಆಟ ಓಡುತ್ತಿದ್ದ ಗೇಮ್ ಬಾಯ್ ಯಂತ್ರಕ್ಕೆ ಬಣ್ಣ ತೋರಿಸಲು ಬರುತ್ತಿರಲಿಲ್ಲ. ಅದರ ಪರದೆಯಲ್ಲಿ ಮೂಡುತ್ತಿದ್ದುದು ಒಂದೇ ಬಣ್ಣದ 4 ಛಾಯೆಗಳು ಮಾತ್ರ. ಯಾವ ಊರಿಗೆ ಹೋದರೂ ಅದೇ ಮಸುಕು ಮನೆ, ಅದೇ ಮಸುಕು ಮರ. ಅಂದರೆ ಹಸಿರು ಊರಿನ ಹಸಿರು, ನೀಲಿ ಊರಿನ ನೀಲಿ ಇದ್ದದ್ದು ಹೆಸರಿನಲ್ಲಿ ಮಾತ್ರ. ಚಿತ್ರಕ್ಕೆ ಆಗದ ಕೆಲಸವನ್ನು ಪದಕ್ಕೆ ವಹಿಸಿದ್ದರು ಎನ್ನಿ. ಸೂಪರ್ ಗೇಮ್ ಬಾಯ್ ಎಂಬ ಜೋಡಣೆಯ ಮೂಲಕ ಇದೇ ಆಟವನ್ನು ಟಿವಿಯಲ್ಲಿ ಆಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತಿತ್ತು. ಒಂದು ಊರಿನಿಂದ ಇನ್ನೊಂದಕ್ಕೆ ಕಾಲಿಟ್ಟರೆ ಇಡೀ ಪರದೆಯ ಬಣ್ಣವೇ ಊರಿನ ಹೆಸರಿಗೆ ತಕ್ಕಂತೆ ಬದಲಾಗುತ್ತಿತ್ತು.

ಜಪಾನಿ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ವಾರಸ್ಯ ಹೆಚ್ಚುತ್ತದೆ. ವಿರಿಡಿಯನ್‌ನ ಮೂಲ ಹೆಸರು ತೊಕಿವಾ, ಎಂದೂ ಬಾಡದ ಹಸಿರು. ಪ್ಯೂಟರ್‌ನದು ನಿಬಿ, ಮಂಕು ಬೂದಿ. ವರ್ಮಿಲಿಯನ್‌ನದು ಕುಚಿಬಾ, ಉದುರಿ ಒಣಗಿದ ಎಲೆಯ ಬಣ್ಣ. ಸ್ಯಾಫ್ರನ್‌ನದು ಯಮಾಬುಕಿ, ಹೊನ್ನಿನ ಹಳದಿಯ ಒಂದು ಹೂವು. ಆಟ ಶುರುವಾಗುವ ಊರು ಮಸಾರಾ. ಅಲ್ಲಿನ ಫಲಕದಲ್ಲಿ ಮಸಾರಾ ಎಂದರೆ ಅಚ್ಚ ಬಿಳುಪು, ಆರಂಭದ ಬಣ್ಣ ಎಂಬರ್ಥದ ಮಾತಿದೆ. ಇನ್ನೂ ಏನನ್ನೂ ಬರೆಯದ ಹಾಳೆಯಂಥ ಊರಿನಿಂದ ಹೊರಟು, ಒಂದೊಂದೇ ಬಣ್ಣ ದಾಟುತ್ತ ಹೋಗುವ ಪ್ರಯಾಣ. ಊರೂರಿನ ಜಿಮ್ ಎಂಬ ಪಂದ್ಯದ ಅಖಾಡದಲ್ಲಿ ಗೆದ್ದರೆ ಸಿಗುವ ಬ್ಯಾಡ್ಜ್‌ಗಳಿಗೂ ಜಪಾನಿ ಆವೃತ್ತಿಯಲ್ಲಿ ಬಣ್ಣದ್ದೇ ಹೆಸರು: ನಿಬಿಯಲ್ಲಿ ಬೂದು, ಕುಚಿಬಾದಲ್ಲಿ ಕಿತ್ತಳೆ, ಯಮಾಬುಕಿಯಲ್ಲಿ ಚಿನ್ನ. ಇಂಗ್ಲಿಷ್‌ಗೆ ಬರುವಾಗ ಬೂದು ಬ್ಯಾಡ್ಜ್ ಬಂಡೆಯ ಬ್ಯಾಡ್ಜ್ ಆಯಿತು, ಕಿತ್ತಳೆಯದು ಗುಡುಗಿನದಾಯಿತು. ಥೀಮಿನ ಆ ಎಳೆ ಅಲ್ಲಿಗೆ ತುಂಡಾಯಿತು.

ಸೆಲಡಾನ್‌ನ ಫಲಕದ ಒಗಟು

ಅನುವಾದದಲ್ಲಿ ಏನಾಗುತ್ತದೆ ಎಂದು ತಿಳಿಯಲು ಒಂದೇ ಒಂದು ಊರಿನ ಮುಂದೆ ನಿಂತರೆ ಸಾಕು. ಸೆಲಡಾನ್ ಎಂದರೆ ಪಿಂಗಾಣಿ ಪಾತ್ರೆಗಳ ಮೇಲಿನ ತೆಳು ಹಸಿರು ಮೆರುಗು. ಆದರೆ ಇಂಗ್ಲಿಷ್ ಆಟದಲ್ಲಿ ಆ ಊರಿನ ಫಲಕ ಓದಿದರೆ, ಇದು ಕಾಮನಬಿಲ್ಲಿನ ಕನಸುಗಳ ನಗರ ಎಂದಿದೆ. ಅಲ್ಲಿ ಸಿಗುವ ಬ್ಯಾಡ್ಜ್ ಕೂಡ ಕಾಮನಬಿಲ್ಲಿನದೇ. ತೆಳು ಹಸಿರಿಗೂ ಕಾಮನಬಿಲ್ಲಿಗೂ ಎಲ್ಲಿಯ ನಂಟು?

ಉತ್ತರ ಜಪಾನಿ ಹೆಸರಿನಲ್ಲಿದೆ. ಮೂಲದಲ್ಲಿ ಆ ಊರು ತಮಾಮುಶಿ. ತಮಾಮುಶಿ ಎಂದರೆ ಹಸಿರು ಮೈಯ ಒಂದು ಜೀರುಂಡೆ. ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಅದರ ರೆಕ್ಕೆಯಲ್ಲಿ ಹಸಿರು, ಕೆಂಪು, ನೀಲಿ ಹೊರಳಾಡುತ್ತವೆ. ಜಪಾನಿಯರಿಗೆ ಆ ಹುಳ ಒಂದು ಬಣ್ಣದ ಹೆಸರೂ ಹೌದು. ಅನುವಾದಕರು ಊರಿನ ಹೆಸರಿಗೆ ಹತ್ತಿರದ ಹಸಿರನ್ನು ಹುಡುಕಿಕೊಂಡರು, ಕಾಮನಬಿಲ್ಲನ್ನು ಫಲಕದಲ್ಲಿ ಹಾಗೇ ಉಳಿಸಿದರು. ಜೀರುಂಡೆ ಮಾತ್ರ ಹಾರಿಹೋಯಿತು. ಇಂಗ್ಲಿಷ್‌ನಲ್ಲಿ ಆಡಿದವರು ಹಲವು ವರ್ಷ ಈ ಫಲಕದ ಮುಂದೆ ಹಾದುಹೋಗಿದ್ದರೂ ಅದರ ಅರ್ಥ ಹೊಳೆಯಲು ಕಾರಣವೇ ಇರಲಿಲ್ಲ.

ಬೇರೆ ಭಾಷೆಗಳ ಅನುವಾದಕರು ತಮ್ಮದೇ ದಾರಿ ಹಿಡಿದರು. ಜರ್ಮನ್‌ನಲ್ಲಿ ಆರಂಭದ ಊರು ಅಲಬಾಸ್ಟಿಯಾ, ಅಂದರೆ ಅಲಬಾಸ್ಟರ್ ಎಂಬ ಬಿಳಿಗಲ್ಲಿನ ಊರು. ಬಣ್ಣ ಕಲಸುವ ಹಲಗೆಯನ್ನು ನೆನಪಿಸುವ ಇಂಗ್ಲಿಷ್ ಪ್ಯಾಲೆಟ್‌ಗಿಂತ ಇದು ಜಪಾನಿ ಬಿಳುಪಿಗೆ ಹತ್ತಿರ. ವರ್ಮಿಲಿಯನ್ ಅಲ್ಲಿ ಒರಾನಿಯಾ, ಕಿತ್ತಳೆ ಊರು. ಫ್ರೆಂಚರು ಸಿನಬಾರ್ ದ್ವೀಪವನ್ನು ಕ್ರಾಮ್ವಾಜೀಲ್ ಎಂದು ಕರೆದರು. ಕಡುಗೆಂಪು ಎಂಬ ಪದ, ದ್ವೀಪ ಎಂಬ ಪದ ಎರಡನ್ನೂ ಹೊಲಿಗೆ ಕಾಣದಂತೆ ಸೇರಿಸಿದ ಹೆಸರು. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ಗೆದ್ದ ಹೆಸರು.

ಇದನ್ನೇ ಕನ್ನಡಕ್ಕೆ ತರಬೇಕಾದರೆ ಒಂದು ಫಜೀತಿ ಕಾದಿದೆ. ಸಿನಬಾರ್ ಎಂಬುದು ಪಾದರಸದ ಅದಿರು, ವರ್ಮಿಲಿಯನ್ ಮೂಲದಲ್ಲಿ ಅದರಿಂದಲೇ ತಯಾರಾಗುತ್ತಿದ್ದ ಕೆಂಪು. ಕನ್ನಡದಲ್ಲಿ ಎರಡಕ್ಕೂ ಇಂಗಳೀಕ ಎಂದುಬಿಟ್ಟರೆ ಆಯಿತು, ಆದರೆ ಒಂದೇ ನಾಡಿನಲ್ಲಿ ಎರಡು ಇಂಗಳೀಕಪುರ ಕಟ್ಟಲಾದೀತೆ? ಜಪಾನಿಯಲ್ಲಿ ಈ ತೊಡಕಿಲ್ಲ, ಒಂದು ಒಣ ಎಲೆ, ಇನ್ನೊಂದು ಕಡುಗೆಂಪು. ಪದವನ್ನು ದಾಟಿಸಲು ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ, ಥೀಮ್ ದಾಟಿಸುವವರು ಪಾರಾಗುತ್ತಾರೆ.

ಬುಟ್ಟಿಯನ್ನೇ ಬದಲಿಸಿದರೆ

ಮುಂದಿನ ಪೋಕೆಮಾನ್ ಆಟಗಳಲ್ಲಿ ನಾಡು ಬದಲಾದಂತೆ ಬುಟ್ಟಿಯೂ ಬದಲಾಯಿತು. 1999ರ ಜೊಹ್ಟೊದಲ್ಲಿ ಹೆಚ್ಚಿನವು ಗಿಡಮರಗಳು: ಚೆರಿಗ್ರೋವ್, ಅಜೇಲಿಯಾ, ಗೋಲ್ಡನ್‌ರಾಡ್, ಮಹಾಗನಿ. 2013ರ ಕಾಲೊಸ್ ಫ್ರಾನ್ಸಿನ ಮಾದರಿಯ ನಾಡು, ಅಲ್ಲಿ ಸುಗಂಧದ್ರವ್ಯಗಳು. ವಾನಿವಿಲ್‌ನಲ್ಲಿ ವೆನಿಲಾ, ಸಾಂಟಲೂನ್‌ನಲ್ಲಿ ಶ್ರೀಗಂಧ, ಕ್ಯಾಂಫ್ರಿಯರ್‌ನಲ್ಲಿ ಕರ್ಪೂರ. ದೊಡ್ಡ ನಗರ ಲುಮಿಯೋಸ್ ಮಾತ್ರ ಬೆಳಕಿನ ಹೆಸರು ಹೊತ್ತಿದೆ, ಪ್ಯಾರಿಸ್ಸನ್ನು ಬೆಳಕಿನ ನಗರ ಎನ್ನುತ್ತಾರಲ್ಲ, ಅದಕ್ಕೆ.

2010ರ ಯುನೋವಾದಲ್ಲಿ ಆದದ್ದು ಇನ್ನೂ ವಿಚಿತ್ರ. ಇಂಗ್ಲಿಷ್‌ನಲ್ಲಿ ಅಲ್ಲಿನ ಹೆಚ್ಚಿನ ಊರುಗಳು ಮೋಡ. ಹವಾಮಾನ ಶಾಸ್ತ್ರದವರು ಬಳಸುವ ಸಿರಸ್, ನಿಂಬಸ್, ಸ್ಟ್ರೇಟಸ್ ಎಂಬ ಹೆಸರುಗಳು ಐಸಿರಸ್, ನಿಂಬಾಸಾ, ಸ್ಟ್ರಾಯಟನ್ ಎಂಬ ಊರುಗಳಾಗಿವೆ. ಜಪಾನಿ ಆವೃತ್ತಿಯಲ್ಲಾದರೋ ಕನೊಕೊ, ಕರಕುಸಾ, ಶಿಪ್ಪೊ, ರೈಮೊನ್. ಇವು ಬಟ್ಟೆಯ ಮೇಲೆ, ಪಾತ್ರೆಯ ಮೇಲೆ ಬಿಡಿಸುವ ಸಾಂಪ್ರದಾಯಿಕ ವಿನ್ಯಾಸಗಳ ಹೆಸರುಗಳು. ಕನೊಕೊ ಎಂದರೆ ಜಿಂಕೆಮರಿಯ ಮೈಚುಕ್ಕೆ, ಕರಕುಸಾ ಎಂದರೆ ಬಳ್ಳಿಬಳ್ಳಿಯಾಗಿ ಹರಡುವ ಚಿತ್ತಾರ. ಹೊರನಾಡಿನ ಮಗುವಿಗೆ ಇದು ತಿಳಿಯದು ಎಂದು ಕಂಡಾಗ ಬುಟ್ಟಿಯನ್ನೇ ಬದಿಗಿಟ್ಟು ಹೊಸದು ತಂದಿದ್ದಾರೆ.

ಬ್ರಿಟನ್ ಮಾದರಿಯ ಗಲಾರ್‌ನಲ್ಲಿ (2019) ಥೀಮ್ ಹೆಸರಿನ ತಲೆಯಲ್ಲಿಲ್ಲ, ಬಾಲದಲ್ಲಿದೆ. ನಮ್ಮಲ್ಲಿ ಊರು, ಹಳ್ಳಿ, ಪುರ ಎಂಬ ಬಾಲ ಇದ್ದರೆ ಸಾಕು, ಅದರ ಮೊದಲು ಏನೇ ಇದ್ದರೂ ಅದು ಸ್ಥಳದ ಹೆಸರು ಎಂದು ಕಿವಿ ಒಪ್ಪುತ್ತದೆ. ಸ್ಥಳನಾಮ ಅಧ್ಯಯನ ಮಾಡುವವರು ಈ ಬಾಲವನ್ನು ವಾರ್ಗಿಕ ಎನ್ನುತ್ತಾರೆ. ಇಂಗ್ಲೆಂಡಿನ ಊರುಗಳಿಗೂ ಹರ್ಸ್ಟ್, ಬರಿ, ಚೆಸ್ಟರ್ ಮುಂತಾದ ವಾರ್ಗಿಕಗಳಿವೆ. ಹರ್ಸ್ಟ್ ಎಂದರೆ ಮರಗಳಿದ್ದ ದಿಬ್ಬ. ಚೆಸ್ಟರ್ ಬಂದದ್ದು ರೋಮನ್ನರ ಸೇನಾ ಶಿಬಿರಕ್ಕಿದ್ದ ಲ್ಯಾಟಿನ್ ಪದದಿಂದ. ಗಲಾರ್‌ನ ವೆಜ್‌ಹರ್ಸ್ಟ್, ಹಲ್‌ಬರಿ, ಸರ್ಚೆಸ್ಟರ್ ಕಟ್ಟಿದ್ದು ಹೀಗೆ. ಸರ್ಚೆಸ್ಟರ್‌ನಲ್ಲಿ ಒಂದು ಪುರಾತನ ಸ್ನಾನದ ಕೊಳವಿದೆ. ಹೆಸರಿನ ಬಾಲದಲ್ಲಿ ರೋಮನ್ನರು, ಊರಿನ ನಡುವೆ ಅವರ ನೆನಪು ತರುವ ಕೊಳ.

ಇಪ್ಪತ್ತೇ ಅಕ್ಷರಗಳ ನಾಡು

ಥೀಮ್ ಯಾವಾಗಲೂ ಕಲ್ಪನೆಯಿಂದಲೇ ಬರಬೇಕೆಂದಿಲ್ಲ, ಬಡತನದಿಂದಲೂ ಬರುತ್ತದೆ. 1986ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್‌ನ ಇಡೀ ಆಟ ಕೂತಿದ್ದುದು 64 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊಗೂ ಆ ಜಾಗ ಸಾಲದು. ಪರದೆಯ ಮೇಲೆ ಮೂಡುವ ಪ್ರತಿ ಅಕ್ಷರವೂ ಒಂದು ಪುಟ್ಟ ಚಿತ್ರ, ಅದಕ್ಕೂ ಜಾಗ ಬೇಕು. ಹೊರನಾಡಿನ ಹೆಸರುಗಳನ್ನು ಜಪಾನಿಯರು ಬರೆಯುವುದು ಕತಕನಾ ಲಿಪಿಯಲ್ಲಿ, ಅದರ ಮೂಲಾಕ್ಷರಗಳು 46. ಆಟದಲ್ಲಿ ಅಷ್ಟೂ ಹಿಡಿಸಲಿಲ್ಲ. 20ನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟರು.

ಊರು, ರಾಕ್ಷಸ, ಆಯುಧ ಎಲ್ಲಕ್ಕೂ ಆ 20ರೊಳಗೇ ಹೆಸರು ಹೊಂದಿಸಬೇಕಾಯಿತು. ಉಳಿದುಕೊಂಡ ಅಕ್ಷರಗಳಲ್ಲಿ ರ, ರಿ, ರು, ರೆ, ರೊ ಐದೂ ಇದ್ದವು, ಮ, ಮಿ, ಮು, ಮೆ ನಾಲ್ಕಿದ್ದವು. ಈಗ ಊರುಗಳ ಹೆಸರನ್ನು ಬಾಯಿಬಿಟ್ಟು ಓದಿ ನೋಡಿ: ಮಾಯಿರಾ, ಗರಾಯಿ, ಮೆರುಕಿದೊ, ರಿಮುರುದಾರು, ದೊಮುದೋರಾ. ಎಲ್ಲೆಲ್ಲೂ ರ, ಮ. ಯಾವ ಬಣ್ಣವೂ ಇಲ್ಲ, ಹೂವೂ ಇಲ್ಲ. ಆದರೂ ಒಂದೇ ಭಾಷೆಯ ಜನ ಇಟ್ಟ ಹೆಸರುಗಳಂತೆ ಕೇಳುತ್ತವೆ. ನಿಜವಾದ ಭಾಷೆಗಳ ಗುಣವೂ ಇದೇ ತಾನೆ? ಪ್ರತಿ ಭಾಷೆ ಕೆಲವು ಸದ್ದುಗಳನ್ನು ಇಟ್ಟುಕೊಂಡು ಕೆಲವನ್ನು ಬಿಟ್ಟಿರುತ್ತದೆ.

ಇದನ್ನೇ ಬೇಕೆಂದು ಮಾಡುವವರೂ ಇದ್ದಾರೆ. 2002ರ ಮಾರೋವಿಂಡ್ ಆಟದಲ್ಲಿ ಬಾಲ್ಮೊರಾ, ಸದ್ರಿತ್ ಮೊರಾ ಎಂಬ ಎರಡು ಊರುಗಳಿವೆ. ಅಲ್ಲಿನ ಜನರ ಕಲ್ಪಿತ ಭಾಷೆಯಲ್ಲಿ ಮೊರಾ ಎಂದರೆ ಕಾಡು. ಮೊದಲನೆಯದು ಕಲ್ಲಿನ ಕಾಡು, ಎರಡನೆಯದು ಅಣಬೆಯ ಕಾಡು. ಸದ್ರಿತ್ ಮೊರಾಕ್ಕೆ ಹೋದರೆ ಮನೆಗಳೇ ದೈತ್ಯ ಅಣಬೆಗಳು! ಆಟ ಇದನ್ನು ಪಾಠದಂತೆ ಹೇಳಿಕೊಡುವುದಿಲ್ಲ. ಎರಡು ಊರು ಸುತ್ತಿದವರ ತಲೆಯಲ್ಲಿ ಒಂದು ಪದ ತಾನಾಗಿ ಕೂರುತ್ತದೆ.

ಮುರಿದ ಬೋರ್ಡಿನಿಂದ ಹುಟ್ಟಿದ ಊರು

ಕೆಲವು ಆಟಗಳಲ್ಲಿ ಹೆಸರುಗಳನ್ನು ಬೆಸೆಯುವುದು ಪದಗಳ ಗುಂಪಲ್ಲ, ನಾಡಿಗೆ ಒದಗಿದ ಗತಿ. ಫಾಲ್‌ಔಟ್ ಸರಣಿ ಅಣುಯುದ್ಧ ಮುಗಿದ ಮೇಲಿನ ಅಮೆರಿಕದ ಕಥೆ. ಬದುಕುಳಿದವರು ಕೈಗೆ ಸಿಕ್ಕ ಅವಶೇಷದಲ್ಲಿ ಮನೆ ಮಾಡುತ್ತಾರೆ, ಅದರ ಹೆಸರನ್ನೇ ಊರಿಗೂ ಇಡುತ್ತಾರೆ. ಸ್ಫೋಟಿಸದ ಅಣುಬಾಂಬನ್ನು ನಡುವೆ ಇಟ್ಟುಕೊಂಡ ಊರು ಮೆಗಾಟನ್, ಅಣುಬಾಂಬಿನ ಬಲ ಅಳೆಯುವ ಮಾನದ ಹೆಸರು. ತುಕ್ಕು ಹಿಡಿದ ವಿಮಾನವಾಹಕ ಹಡಗಿನೊಳಗಿನ ಊರು ರಿವೆಟ್ ಸಿಟಿ, ರಿವೆಟ್ ಎಂದರೆ ಲೋಹದ ಹಾಳೆಗಳನ್ನು ಬೆಸೆಯುವ ಮೊಳೆ. ಬೇಸ್‌ಬಾಲ್ ಕ್ರೀಡಾಂಗಣದೊಳಗೆ ಕಟ್ಟಿದ ಊರು ಡೈಮಂಡ್ ಸಿಟಿ. ಬೇಸ್‌ಬಾಲ್ ಅಂಗಳವನ್ನು ಡೈಮಂಡ್ ಎಂದೇ ಕರೆಯುತ್ತಾರೆ.

2010ರ ನ್ಯೂ ವೇಗಸ್ ಆಟದಲ್ಲಿ ನೊವ್ಯಾಕ್ ಎಂಬ ಊರಿದೆ. ಮರುಭೂಮಿಯ ರಸ್ತೆ ಪಕ್ಕದ ಹಳೇ ಮೋಟೆಲ್, ಎದುರಿಗೆ ಬೃಹತ್ ಡೈನೊಸಾರ್ ಪ್ರತಿಮೆ. ಕೇಳಿದರೆ ಯಾವುದೋ ಯುರೋಪಿನ ಊರೆನಿಸುತ್ತದೆ. ಮೋಟೆಲ್ ಬೋರ್ಡಿನ ಕಡೆ ಕಣ್ಣೆತ್ತಿದರೆ ಗುಟ್ಟು ಬಯಲು. ಕೋಣೆ ಖಾಲಿ ಇಲ್ಲ ಎನ್ನಲು ಮೋಟೆಲ್‌ಗಳು ಹಾಕುವ 'ನೋ ವೇಕೆನ್ಸಿ' ಎಂಬ ಬೋರ್ಡಿನ ಕೊನೆಯ ಅಕ್ಷರಗಳು ಕೆಟ್ಟು, ಉಳಿದದ್ದೇ ಊರಿನ ಹೆಸರಾಗಿದೆ. ನಿಜವಾದ ಊರಿನ ಹೆಸರುಗಳು ಸವೆದು ಅರ್ಥ ಕಳೆದುಕೊಳ್ಳುವ ಪರಿಯನ್ನು ಇಷ್ಟು ಚಿಕ್ಕದಾಗಿ, ಒಂದು ನಿಯಾನ್ ದೀಪದಲ್ಲಿ ತೋರಿಸಿದ ಇನ್ನೊಂದು ಆಟ ನನ್ನ ನೆನಪಿಗೆ ಬರುತ್ತಿಲ್ಲ.

ಊರಿನಿಂದ ಪಾತ್ರಗಳಿಗೆ

ಹೆಸರು ತಲೆಕೆಳಗಾಗಿ ಹರಿದ ಉದಾಹರಣೆ ಜೆಲ್ಡಾ ಸರಣಿಯಲ್ಲಿದೆ. ಅದರ 1987ರ ಎರಡನೇ ಆಟದಲ್ಲಿ ರೌರು, ರೂಟೊ, ಸಾರಿಯಾ, ನಬೂರು, ಡರೂನಿಯಾ ಎಂಬ ಊರುಗಳಿದ್ದವು. ಯಾವ ಬುಟ್ಟಿಯ ಹೆಸರೆಂದು ಆಟ ಹೇಳಲಿಲ್ಲ. 1998ರ ಆಕರಿನಾ ಆಫ್ ಟೈಮ್‌ನಲ್ಲಿ ಅವೇ ಹೆಸರಿನ ಪಾತ್ರಗಳು ಬಂದವು, ನಾಡನ್ನು ಕಾಯುವ ಜ್ಞಾನಿಗಳಾಗಿ. ಕಥೆಯ ಕಾಲದಲ್ಲಿ ಇವರು ಹಿಂದಿನವರು, ಊರುಗಳು ಮುಂದಿನವು. ಹಾಗಾಗಿ ಆ ಊರುಗಳಿಗೆ ಜ್ಞಾನಿಗಳ ನೆನಪಿನಲ್ಲಿ ಹೆಸರಿಟ್ಟರು ಎಂಬಂತಾಯಿತು. ಥೀಮ್ ಹುಟ್ಟಿದ್ದು ಹೆಸರುಗಳು ಹುಟ್ಟಿದ 11 ವರ್ಷಕ್ಕೆ.

ಅದೇ ಸರಣಿಯ 2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಒಂದು ಊರನ್ನು ಆಡುವವರೇ ನಿಂತು ಕಟ್ಟಿಸುತ್ತಾರೆ. ಕಟ್ಟುವವನು ಹಡ್ಸನ್, ಅವನ ಯಜಮಾನ ಬೋಲ್ಸನ್. ಈ ಕಂಪನಿಯ ನಿಯಮ ಒಂದೇ, ಸೇರುವವರ ಹೆಸರಿನ ಕೊನೆಯಲ್ಲಿ 'ಸನ್' ಇರಬೇಕು. ಅದಕ್ಕಾಗಿ ನಾಡೆಲ್ಲ ಅಲೆದು ಗ್ರೇಸನ್, ಫೈಸನ್, ಕ್ಯಾಪ್ಸನ್, ರಾಂಡ್ಸನ್ ಎಂಬವರನ್ನು ಹುಡುಕಿ ತರಬೇಕು. ಜಪಾನಿಯಲ್ಲಿ 'ಸನ್' ಇಲ್ಲ, 'ದಾ' ಇದೆ: ಸಕುರಾದಾ, ಎನೊಕಿದಾ, ಕತ್ಸುರಾದಾ. ಮೊದಲರ್ಧವೆಲ್ಲ ಮರದ ಹೆಸರು, ಬಡಗಿಗಳಿಗೆ ಒಪ್ಪುವಂಥದ್ದು. ಊರಿನ ಹೆಸರು ಇಚಿಕಾರಾ. ಮೊದಲಿನಿಂದ, ಏನೂ ಇಲ್ಲದಲ್ಲಿಂದ ಎಂದರ್ಥ.

ಯಂತ್ರ ಇಟ್ಟ ಹೆಸರು, ನಾವೇ ಇಟ್ಟ ಹೆಸರು

ಪ್ರತಿ ಸಲವೂ ಹೊಸ ಜಗತ್ತು ಹುಟ್ಟಿಸುವ ಆಟಗಳಲ್ಲಿ ಕೂತು ಹೆಸರಿಡಲು ಯಾರೂ ಇರುವುದಿಲ್ಲ. 2006ರಲ್ಲಿ ಮೊದಲು ಬಂದ ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಈ ಕೆಲಸ ಪ್ರೋಗ್ರಾಮಿನದು. ಕುಬ್ಜರಿಗೆ, ಎಲ್ಫ್‌ಗಳಿಗೆ, ಮನುಷ್ಯರಿಗೆ, ಗಾಬ್ಲಿನ್‌ಗಳಿಗೆ ಬೇರೆ ಬೇರೆ ಪದಕೋಶವಿದೆ, ಎರಡು ಪದ ಜೋಡಿಸಿದರೆ ಊರು. ಯಾವ ಜನ ಯಾವ ಬಗೆಯ ಪದಗಳನ್ನು ಮೆಚ್ಚುತ್ತಾರೆ ಎಂದೂ ಬರೆದಿಟ್ಟಿದ್ದಾರೆ, ಎಲ್ಫ್‌ಗಳು ಪ್ರಕೃತಿಯ ಕಡೆ, ಗಾಬ್ಲಿನ್‌ಗಳು ಕೇಡಿನ ಕಡೆ. ಆದರೂ ಯಂತ್ರ ಯಂತ್ರವೇ. 'ದೋಣಿಯಿಂದ ಕೊಲೆಯಾದದ್ದು' ಎಂದು ಅರ್ಥ ಬರುವ ಬೋಟ್‌ಮರ್ಡರ್ಡ್ ಎಂಬ ಕೋಟೆ ಹುಟ್ಟಿದ್ದು ಇಂಥ ಜೋಡಣೆಯಿಂದಲೇ. ಮೈನ್‌ಕ್ರಾಫ್ಟ್ ಈ ಗೋಜಿಗೇ ಹೋಗಿಲ್ಲ, ಅದರ ಹಳ್ಳಿಗಳಿಗೆ ಹೆಸರೇ ಇಲ್ಲ. ಬೇಕೆಂದವರು ಮರದ ಹಲಗೆ ನೆಟ್ಟು ಬರೆದುಕೊಳ್ಳಬೇಕು.

ಅನಿಮಲ್ ಕ್ರಾಸಿಂಗ್ ಸರಣಿ ಆ ಹೊಣೆಯನ್ನು ಪೂರ್ತಿ ನಮ್ಮ ತಲೆಗೇ ಕಟ್ಟುತ್ತದೆ. 2020ರ ನ್ಯೂ ಹೊರೈಜನ್ಸ್‌ನಲ್ಲಿ ಆಟ ಶುರುವಾಗುವ ಹೊತ್ತಿಗೇ ನಮ್ಮ ದ್ವೀಪಕ್ಕೊಂದು ಹೆಸರು ಕೇಳುತ್ತಾರೆ. ಇಂಗ್ಲಿಷ್‌ನಲ್ಲಾದರೆ 10 ಅಕ್ಷರ, ಅಷ್ಟೇ. ಒಮ್ಮೆ ಒಪ್ಪಿಗೆ ಒತ್ತಿದರೆ ಮತ್ತೆ ಬದಲಿಸಲು ಬರುವುದಿಲ್ಲ. ದ್ವೀಪ ಮುಂದೆ ಹೇಗೆ ರೂಪುಗೊಳ್ಳುತ್ತದೆ, ನೆರೆಹೊರೆಗೆ ಇನ್ನೂ ಯಾರೆಲ್ಲ ಬರುತ್ತಾರೆ ಎಂದು ಆಗಿನ್ನೂ ಗೊತ್ತಿರುವುದಿಲ್ಲ. ಮಿನುಗುವ ಕರ್ಸರ್ ಎದುರು ಹತ್ತು ನಿಮಿಷ ಸುಮ್ಮನೆ ಕೂತಿದ್ದು, ಕೊನೆಗೆ ಕೈಗೆ ಬಂದದ್ದನ್ನು ಒತ್ತಿ, ಆಮೇಲೆ ಆ ಹೆಸರಿಗೆ ಹೊಂದುವ ಹೂವು, ಬಾವುಟ, ಬೇಲಿಗಳನ್ನು ಹುಡುಕುತ್ತ ತಿಂಗಳುಗಟ್ಟಲೆ ಅಲೆದವರಿದ್ದಾರೆ.